ಬ್ಯಾಡ್ಜ್ ಸಿಕ್ಕಿತು, ಅಧಿಕಾರ ಎಷ್ಟು ಸಿಕ್ಕಿತು? ಮೊದಲ ಮಹಿಳಾ ಪೊಲೀಸರ ಕಾದಂಬರಿಗಳನ್ನು ಓದುವ ಬಗೆ

1914ರ ಜುಲೈ 14. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ಎಂಬ ಊರು. ಮೂವರು ಅಕ್ಕತಂಗಿಯರು ಕುದುರೆಗಾಡಿಯಲ್ಲಿ ಪೇಟೆಗೆ ಬಂದಿದ್ದರು. ಒಂದು ಮೋಟಾರು ಕಾರು ಬಂದು ಗಾಡಿಗೆ ಗುದ್ದಿತು. ಕಾರು ಹೆನ್ರಿ ಕೌಫ್‌ಮನ್ ಎಂಬ ರೇಷ್ಮೆ ಕಾರ್ಖಾನೆ ಮಾಲೀಕನದ್ದು. ಹಿರಿಯಕ್ಕ ಕಾನ್‌ಸ್ಟೆನ್ಸ್ ಕಾಪ್ ಗಾಡಿ ರಿಪೇರಿಯ ದುಡ್ಡು ಕೇಳಿದರು. ಆತ ಕೊಡಲಿಲ್ಲ. ಅಷ್ಟಕ್ಕೇ ಮುಗಿಯಲೂ ಇಲ್ಲ. ಅವರ ಹೊಲದ ಮನೆಗೆ ಬೆದರಿಕೆ ಪತ್ರಗಳು ಬರತೊಡಗಿದವು. ಇಟ್ಟಿಗೆಗೆ ಚೀಟಿ ಕಟ್ಟಿ ಕಿಟಕಿಗೆ ಎಸೆದರು. ರಾತ್ರಿ ಹೊತ್ತು ಗುಂಡು ಹಾರಿಸಿದರು. ಕಿರಿಯ ತಂಗಿಯನ್ನು ಎತ್ತಿಕೊಂಡು ಹೋಗಿ ಮಾರುತ್ತೇವೆ ಎಂದು ಬರೆದರು.

ಬರ್ಗನ್ ಕೌಂಟಿಯ ಶೆರಿಫ್, ಅಂದರೆ ಆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ರಾಬರ್ಟ್ ಹೀತ್ ಈ ದೂರನ್ನು ಗಂಭೀರವಾಗಿ ತೆಗೆದುಕೊಂಡರು. ಅಕ್ಕತಂಗಿಯರ ಕೈಗೆ ರಿವಾಲ್ವರ್ ಕೊಟ್ಟರು. ಬೆದರಿಕೆ ಹಾಕಿದವರನ್ನು ಹಿಡಿಯಲು ಕಾನ್‌ಸ್ಟೆನ್ಸ್ ಹ್ಯಾಂಡ್‌ಬ್ಯಾಗಿನಲ್ಲಿ ಆ ರಿವಾಲ್ವರ್ ಇಟ್ಟುಕೊಂಡು ಬೀದಿ ಮೂಲೆಯಲ್ಲಿ ಕಾದು ನಿಂತರು. ಮರುವರ್ಷ ಕೌಫ್‌ಮನ್‌ಗೆ ಕೋರ್ಟು 1,000 ಡಾಲರ್ ದಂಡ ಹಾಕಿತು. ಆಮೇಲೆ ಶೆರಿಫ್ ಹೀತ್ ಈ ಗಟ್ಟಿ ಹೆಂಗಸಿಗೆ ತಮ್ಮ ಕಚೇರಿಯಲ್ಲೇ ಕೆಲಸ ಕೊಟ್ಟರು.

ಇಷ್ಟೂ ಆಗಿನ ಪತ್ರಿಕೆಗಳಲ್ಲಿ ಬಂದ ಸುದ್ದಿ. ಅದು ಹೆಚ್ಚುಕಡಿಮೆ ನೂರು ವರ್ಷ ಹಾಗೇ ಮಣ್ಣಾಗಿ ಬಿದ್ದಿತ್ತು. ಏಮಿ ಸ್ಟೂವರ್ಟ್ ಎಂಬ ಲೇಖಕಿ ಬೇರೊಂದು ಪುಸ್ತಕಕ್ಕಾಗಿ ಜಿನ್ ಮದ್ಯದ ಕಳ್ಳಸಾಗಣೆ ಮಾಡಿದ್ದ ಒಬ್ಬ ಕೌಫ್‌ಮನ್‌ನನ್ನು ಹುಡುಕುತ್ತಿದ್ದರು. ಹಳೇ ಪತ್ರಿಕೆ ತಿರುವಿಹಾಕುವಾಗ ಅದೇ ಹೆಸರಿನ ಈ ಕಾರ್ಖಾನೆ ಮಾಲೀಕ ಸಿಕ್ಕಿದ. ಅವನ ಬೆನ್ನು ಹತ್ತಿದಾಗ ಕಾಪ್ ಸೋದರಿಯರು ಸಿಕ್ಕಿದರು. 2015ರಲ್ಲಿ 'ಗರ್ಲ್ ವೇಟ್ಸ್ ವಿತ್ ಗನ್' ಎಂಬ ಕಾದಂಬರಿ ಬಂತು. ಆ ಹೆಸರು 1914ರ ಒಂದು ಪತ್ರಿಕೆಯ ತಲೆಬರಹದಿಂದಲೇ ಎತ್ತಿಕೊಂಡದ್ದು. ಆಮೇಲೆ ಅದೇ ಸರಣಿಯಲ್ಲಿ ಇನ್ನೂ ಆರು ಕಾದಂಬರಿಗಳು ಬಂದವು.

ಹೀಗೆ ಮೊದಲ ತಲೆಮಾರಿನ ಮಹಿಳಾ ಪೊಲೀಸರನ್ನು ಇಟ್ಟುಕೊಂಡು ಬರೆದ ಐತಿಹಾಸಿಕ ಕಾದಂಬರಿಗಳು ಈಗ ಜಾಸ್ತಿ ಬರುತ್ತಿವೆ. ನನಗೆ ಈ ಬಗೆಯ ಪುಸ್ತಕಗಳೆಂದರೆ ಬಹಳ ಪ್ರೀತಿ. ಆದರೆ ಹಿನ್ನೆಲೆ ಗೊತ್ತಿಲ್ಲದೆ ಓದಿದರೆ ಒಂದು ದೊಡ್ಡ ವಿಷಯ ಕೈತಪ್ಪುತ್ತದೆ. ಕೈಯಲ್ಲಿ ರಿವಾಲ್ವರ್ ಹಿಡಿದ ಹೆಣ್ಣಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ, ನಿಜ. ನಿಜವಾದ ನಾಟಕ ಇರುವುದು ಕಾಗದದಲ್ಲಿ. ಆಕೆಯನ್ನು ಯಾರು ನೇಮಿಸಿದರು? ಯಾರ ಮೇಲೆ ಆಕೆಗೆ ಅಧಿಕಾರ ಕೊಟ್ಟರು? ಆಕೆ ಒಬ್ಬ ಮನುಷ್ಯನನ್ನು ಹಿಡಿದು ಬಂಧಿಸಬಹುದಿತ್ತೇ, ಇಲ್ಲವೇ? ಈ ಮೂರು ಪ್ರಶ್ನೆ ಇಟ್ಟುಕೊಂಡು ಓದಿದರೆ ಇಡೀ ಕಥೆ ಬೇರೆಯಾಗಿಯೇ ಕಾಣುತ್ತದೆ.

ಬೀಗದ ಕೈಯಿಂದ ಬಂಧನದ ಅಧಿಕಾರದವರೆಗೆ

ಪೊಲೀಸ್ ಠಾಣೆಯೊಳಗೆ ಹೆಂಗಸರು ಮೊದಲು ಕಾಲಿಟ್ಟದ್ದು ಮೇಟ್ರನ್ ಆಗಿ, ಅಂದರೆ ಬಂಧಿತ ಹೆಂಗಸರನ್ನು ನೋಡಿಕೊಳ್ಳುವವರಾಗಿ. 19ನೇ ಶತಮಾನದ ಅಮೆರಿಕದಲ್ಲಿ, ಬಂಧನದಲ್ಲಿದ್ದ ಹೆಂಗಸರನ್ನು ಗಂಡಸರೇ ಕಾಯುತ್ತಿದ್ದರು, ಗಂಡಸರೇ ತಪಾಸಣೆ ಮಾಡುತ್ತಿದ್ದರು. ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಮಹಿಳಾ ಸಂಘಗಳು ವರ್ಷಗಟ್ಟಲೆ ಹೋರಾಡಿ, ಹೆಂಗಸರನ್ನು ನೋಡಿಕೊಳ್ಳಲು ಹೆಂಗಸರೇ ಬೇಕು ಎಂದು ಒಪ್ಪಿಸಿದವು. ಮೇಟ್ರನ್ ಕೈಯಲ್ಲಿ ಬೀಗದ ಕೈ ಇರುತ್ತಿತ್ತು. ಒಳಗೆ ಬಂದವರನ್ನು ಆಕೆ ತಪಾಸಣೆ ಮಾಡಬಹುದಿತ್ತು, ಸಮಾಧಾನ ಹೇಳಬಹುದಿತ್ತು. ಬೀದಿಗೆ ಹೋಗಿ ಯಾರನ್ನೂ ಹಿಡಿಯುವಂತಿರಲಿಲ್ಲ.

ಎರಡನೇ ದಾರಿ ಖಾಸಗಿ ಪತ್ತೇದಾರಿ. 1856ರಲ್ಲಿ ಷಿಕಾಗೋದ ಪಿಂಕರ್ಟನ್ ಏಜೆನ್ಸಿಗೆ ಕೇಟ್ ವಾರ್ನ್ ಎಂಬ ಯುವ ವಿಧವೆ ಬಂದರು. ಏಜೆನ್ಸಿಯ ಮಾಲೀಕ ಆಲನ್ ಪಿಂಕರ್ಟನ್, ಗುಮಾಸ್ತೆ ಕೆಲಸ ಕೇಳಲು ಬಂದಿರಬೇಕು ಅಂದುಕೊಂಡ. ಆಕೆ ಕೇಳಿದ್ದು ಪತ್ತೇದಾರರ ಕೆಲಸ. ಗಂಡಸರು ಹೋಗಲಾಗದ ಕಡೆ ಹೆಂಗಸು ಹೋಗಬಲ್ಲಳು, ಕಳ್ಳರ ಹೆಂಡತಿಯರ ಸ್ನೇಹ ಮಾಡಿ ಗುಟ್ಟು ತಿಳಿಯಬಲ್ಲಳು ಎಂದು ವಾದಿಸಿದರು. ಕೆಲಸ ಸಿಕ್ಕಿತು. 1858ರಲ್ಲಿ ಆಡಮ್ಸ್ ಎಕ್ಸ್‌ಪ್ರೆಸ್ ಕಂಪನಿಯ ಹಣ ಕದ್ದ ನೇಥನ್ ಮರೋನಿಯ ಪ್ರಕರಣದಲ್ಲಿ ಅದನ್ನೇ ಮಾಡಿ ತೋರಿಸಿದರು. ಮರೋನಿಯ ಹೆಂಡತಿಯ ಗೆಳತಿಯಾಗಿ, ಕದ್ದ ಹಣದ ಬಹುಪಾಲು ಎಲ್ಲಿದೆ ಎಂದು ಬಯಲಿಗೆಳೆದರು.

ಕೇಟ್ ವಾರ್ನ್ ಹೆಸರು ಉಳಿದಿರುವುದು ಇನ್ನೊಂದು ರಾತ್ರಿಯ ಕಾರಣಕ್ಕೆ. 1861ರ ಫೆಬ್ರವರಿ. ಅಬ್ರಹಾಂ ಲಿಂಕನ್ ಅಧ್ಯಕ್ಷ ಪದವಿ ವಹಿಸಿಕೊಳ್ಳಲು ವಾಷಿಂಗ್‌ಟನ್‌ಗೆ ಹೊರಟಿದ್ದರು. ದಾರಿಯಲ್ಲಿ ಬಾಲ್ಟಿಮೋರ್‌ನಲ್ಲಿ ಕೊಲ್ಲುವ ಸಂಚು ಇದೆ ಎಂಬ ಸುಳಿವು ಪಿಂಕರ್ಟನ್‌ಗೆ ಸಿಕ್ಕಿತ್ತು. ಕೇಟ್ ಮೊದಲೇ ಬಾಲ್ಟಿಮೋರ್‌ಗೆ ಹೋಗಿ, ದಕ್ಷಿಣದ ರಾಜ್ಯಗಳ ಪರ ಇರುವ ಶ್ರೀಮಂತ ಹೆಂಗಸಿನ ವೇಷದಲ್ಲಿ ಅಲ್ಲಿನ ಮನೆಗಳಲ್ಲಿ ಓಡಾಡಿ ಮಾತು ಕೇಳಿಸಿಕೊಂಡಿದ್ದರು. ಫೆಬ್ರವರಿ 22ರ ರಾತ್ರಿ ಫಿಲಡೆಲ್ಫಿಯಾದ ರೈಲಿನಲ್ಲಿ ಮಲಗುವ ಸೀಟುಗಳನ್ನು ಹಿಡಿದಿಟ್ಟರು. ಕಾಯಿಲೆ ಬಿದ್ದ ಅಣ್ಣ ಬರುತ್ತಾನೆ ಎಂದು ಹೇಳಿದರು. ಬಂದ ಎತ್ತರದ 'ಅಣ್ಣ' ಲಿಂಕನ್. ಬೆಳಗಾಗುವಷ್ಟರಲ್ಲಿ ಅವರು ಕ್ಷೇಮವಾಗಿ ವಾಷಿಂಗ್‌ಟನ್‌ನಲ್ಲಿದ್ದರು.

ಕಾದಂಬರಿಕಾರರು ಕೇಟ್ ವಾರ್ನ್ ಕಡೆ ಏಕೆ ಓಡಿಬರುತ್ತಾರೆ ಎಂದು ಈಗ ಗೊತ್ತಾಯಿತಲ್ವಾ? ಇನ್ನೂ ಒಂದು ಕಾರಣ ಇದೆ. ಆಕೆ ಬಗ್ಗೆ ಗೊತ್ತಿರುವುದು ತೀರಾ ಕಡಿಮೆ. 1871ರ ಷಿಕಾಗೋ ಬೆಂಕಿಯಲ್ಲಿ ಏಜೆನ್ಸಿಯ ಬಹಳಷ್ಟು ದಾಖಲೆ ಸುಟ್ಟುಹೋಯಿತು. ಖಚಿತವಾಗಿ ಆಕೆಯದೇ ಎನ್ನಬಹುದಾದ ಒಂದು ಫೋಟೋ ಕೂಡ ಇಲ್ಲ. 1868ರಲ್ಲಿ ತೀರಿಕೊಂಡಾಗ ಸಮಾಧಿ ಕಲ್ಲಿನ ಮೇಲೆ ಹೆಸರಿನ ಕಾಗುಣಿತವೇ ತಪ್ಪಾಯಿತು. ನಮಗೆ ಸಿಗುವುದರಲ್ಲಿ ಹೆಚ್ಚಿನದು ಪಿಂಕರ್ಟನ್ ಬರೆದ ಪುಸ್ತಕಗಳಿಂದ ಬಂದದ್ದು. ಆ ಪುಸ್ತಕಗಳು ಅವನ ಕಂಪನಿಗೆ ಒಳ್ಳೇ ಜಾಹೀರಾತೂ ಆಗಿದ್ದವು. ಹಾಗಾಗಿ ಕೇಟ್ ಬಗ್ಗೆ ಬರೆಯುವವರು ಮಾಲೀಕನ ಕಣ್ಣಲ್ಲಿ ಕಂಡ ನೌಕರಳನ್ನು ಆಕೆಯ ಕಣ್ಣಿನಿಂದ ತಿರುಗಿಸಿ ನೋಡಬೇಕಾಗುತ್ತದೆ. ಆಕೆಗೆ ಸಂಬಳ ಕೊಟ್ಟದ್ದು ಖಾಸಗಿ ಕಂಪನಿ. ಕಾನೂನಿನ ಅಧಿಕಾರ ಒಂದು ಗುಲಗಂಜಿಯಷ್ಟೂ ಇರಲಿಲ್ಲ. ಎಷ್ಟೋ ಕಡೆ ಆಕೆಯನ್ನು ಅಮೆರಿಕದ ಮೊದಲ ಮಹಿಳಾ ಪೊಲೀಸ್ ಎಂದು ಬರೆದಿರುತ್ತಾರೆ, ಅದು ತಪ್ಪು.

ಹಾಗಾದರೆ ಮೊದಲನೆಯವರು ಯಾರು? ಇಲ್ಲಿ ಜಗಳ ಇದೆ. ಬಹಳ ಕಾಲ ಎಲ್ಲರೂ ಹೇಳುತ್ತಿದ್ದ ಹೆಸರು ಲಾಸ್ ಏಂಜಲೀಸ್‌ನ ಆಲಿಸ್ ಸ್ಟೆಬಿನ್ಸ್ ವೆಲ್ಸ್, 1910. ಅದಕ್ಕೂ ಮುಂಚೆ 1908ರಲ್ಲಿ ಪೋರ್ಟ್‌ಲೆಂಡ್‌ನ ಲೋಲಾ ಬಾಲ್ಡ್‌ವಿನ್. ಅದಕ್ಕೂ ಮುಂಚೆ 1891ರಲ್ಲಿ ಷಿಕಾಗೋದ ಮೇರಿ ಓವೆನ್ಸ್.

ಮೇರಿ ಓವೆನ್ಸ್ ಕಥೆ ಓದಿದಾಗ ನನಗೆ ಸಿಟ್ಟೇ ಬಂತು. ಐದು ಮಕ್ಕಳ ತಾಯಿ. ಗಂಡ ಟೈಫಾಯ್ಡ್‌ನಲ್ಲಿ ತೀರಿಕೊಂಡರು. 1889ರಲ್ಲಿ ಆಕೆ ನಗರದ ಆರೋಗ್ಯ ಇಲಾಖೆಗೆ ಸೇರಿ, ಕಾರ್ಖಾನೆಗಳಿಗೆ ಹೋಗಿ ದುಡಿಯುವ ಪುಟ್ಟ ಮಕ್ಕಳನ್ನು ಹುಡುಕುವ ಕೆಲಸ ಮಾಡಿದರು. ಎರಡು ವರ್ಷದ ಮೇಲೆ ಪೊಲೀಸ್ ಇಲಾಖೆಗೆ ಬಂದರು. ಡಿಟೆಕ್ಟಿವ್ ಸಾರ್ಜೆಂಟ್ ಎಂಬ ದರ್ಜೆ, ಎದೆಗೆ ನಕ್ಷತ್ರದ ಬ್ಯಾಡ್ಜ್, ಬಂಧಿಸುವ ಅಧಿಕಾರ ಮೂರೂ ಇದ್ದವು. 1923ರವರೆಗೆ ದುಡಿದರು. ಮುಂದೆ ಒಬ್ಬ ಇತಿಹಾಸಕಾರರು ಈಕೆಯನ್ನು ಒಬ್ಬ ಪೊಲೀಸ್ ಪೇದೆಯ ವಿಧವೆ ಎಂದು ತಪ್ಪಾಗಿ ದಾಖಲಿಸಿದರು. ಪೊಲೀಸರ ವಿಧವೆಗೆ ಅನುಕಂಪದ ಮೇಲೆ ಕೆಲಸ ಕೊಟ್ಟರು ಎಂಬ ಅರ್ಥ ಬಂತು. ಅಷ್ಟು ಸಾಕಾಯಿತು, ಮೂವತ್ತು ವರ್ಷದ ದುಡಿಮೆ ಪುಸ್ತಕಗಳಿಂದ ಅಳಿಸಿಹೋಗಲು. ನಿವೃತ್ತ ಅಧಿಕಾರಿಯೊಬ್ಬರು ಹಳೇ ಕಡತಗಳನ್ನು ಕೆದಕಿದ ಮೇಲೆಯೇ ಈಕೆ ಮತ್ತೆ ಬೆಳಕಿಗೆ ಬಂದದ್ದು.

ಆಲಿಸ್ ವೆಲ್ಸ್ ಕಡೆಯಿಂದ ಒಂದು ಸಣ್ಣ ಪ್ರಸಂಗ. ಆಗ ಪೊಲೀಸರಿಗೆ ಟ್ರಾಮಿನಲ್ಲಿ ಟಿಕೆಟ್ ಇಲ್ಲ, ಬ್ಯಾಡ್ಜ್ ತೋರಿಸಿದರೆ ಸಾಕು. ಈಕೆ ಬ್ಯಾಡ್ಜ್ ತೋರಿಸಿದಾಗ ಕಂಡಕ್ಟರ್ ನಂಬಲಿಲ್ಲ. ಗಂಡನ ಬ್ಯಾಡ್ಜ್ ಹಾಕಿಕೊಂಡು ಮೋಸ ಮಾಡುತ್ತಿದ್ದೀಯಾ ಎಂದು ದಬಾಯಿಸಿದ. ಕೊನೆಗೆ ಇಲಾಖೆ 'ಪೊಲೀಸ್‌ವುಮನ್' ಎಂದು ಬರೆದ, 1ನೇ ನಂಬರಿನ ಬ್ಯಾಡ್ಜನ್ನೇ ಮಾಡಿಸಿಕೊಟ್ಟಿತು. ಸಮವಸ್ತ್ರವೂ ಇರಲಿಲ್ಲ, ಅದನ್ನು ಆಕೆ ತಾವೇ ಹೊಲಿದುಕೊಂಡರು. ಬಂದೂಕು ಕೊಡಲಿಲ್ಲ. ಕೆಲಸ ಏನು? ಡ್ಯಾನ್ಸ್ ಹಾಲು, ಸ್ಕೇಟಿಂಗ್ ಅಂಗಳ, ಸಿನಿಮಾ ಮಂದಿರಗಳಿಗೆ ಹೋಗಿ ಅಲ್ಲಿ ಹುಡುಗಿಯರು ಹೇಗಿದ್ದಾರೆ ಎಂದು ನೋಡುವುದು.

ನ್ಯೂಯಾರ್ಕಿನ ಇಸಬೆಲ್ಲಾ ಗುಡ್‌ವಿನ್ ಮೇಟ್ರನ್ ಆಗಿದ್ದವರು. 1912ರಲ್ಲಿ ಬ್ಯಾಂಕಿನ ಹಣ ಸಾಗಿಸುತ್ತಿದ್ದ ಟ್ಯಾಕ್ಸಿಯನ್ನು ಅಡ್ಡಗಟ್ಟಿ 25,000 ಡಾಲರ್ ದೋಚಿದಾಗ, ಈಕೆ ಕಳ್ಳರ ಜೊತೆಗಾತಿಯರು ಇದ್ದ ವಸತಿ ಮನೆಗೆ ನೆಲ ಒರೆಸುವ ಕೆಲಸದವಳಾಗಿ ಸೇರಿದರು. ಬಾಗಿಲಿಗೆ ಕಿವಿಯಿಟ್ಟು ಕೇಳಿದ ಮಾತುಗಳಿಂದ ಕಳ್ಳರು ಸಿಕ್ಕಿಬಿದ್ದರು. ಆ ವರ್ಷವೇ ಈಕೆ ಡಿಟೆಕ್ಟಿವ್ ಆದರು. ಕೆಲಸದವಳ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ ಎಂಬುದೇ ಆಕೆಯ ಆಯುಧ ಆಗಿತ್ತು.

ಗ್ರಾಂಥಮ್ ಊರಿನ ರಾತ್ರಿಗಳು

ಇಲ್ಲಿಯವರೆಗಿನ ಕಥೆ ಓದಲು ಹಿತವಾಗಿದೆ. ಕಷ್ಟದ ಕಥೆ ಇರುವುದು ಇಂಗ್ಲೆಂಡಿನಲ್ಲಿ. ಈ ಬಗೆಯ ಕಾದಂಬರಿಗಳ ಜೀವಾಳ ಇಲ್ಲೇ ಇದೆ ಎಂದು ನನ್ನ ನಂಬಿಕೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ನೀನಾ ಬಾಯ್ಲ್, ಹೆಂಗಸರ ಸ್ವಯಂಸೇವಕ ಪೊಲೀಸ್ ಪಡೆ ಕಟ್ಟಲು ಹೊರಟರು. ಆಕೆಗೆ ಪೊಲೀಸ್ ಠಾಣೆ, ಕೋರ್ಟು ಎರಡೂ ಚೆನ್ನಾಗಿ ಗೊತ್ತಿದ್ದವು. ಹೋರಾಟದಲ್ಲಿ ಬಂಧನ ಆದವರು ಆಕೆ. ಹಿಡಿಯುವವರು, ವಿಚಾರಿಸುವವರು, ತೀರ್ಪು ಕೊಡುವವರು ಎಲ್ಲರೂ ಗಂಡಸರೇ ಆದರೆ ನೊಂದ ಹೆಣ್ಣಿಗೆ ನ್ಯಾಯ ಎಲ್ಲಿ ಸಿಗುತ್ತದೆ ಎಂಬುದು ಆಕೆಯ ಪ್ರಶ್ನೆ. ಇದೇ ಹೊತ್ತಿಗೆ ಮಾರ್ಗರೆಟ್ ಡೇಮರ್ ಡಾಸನ್ ಎಂಬ ಶ್ರೀಮಂತ ಮಹಿಳೆ ಲಂಡನ್ ರೈಲು ನಿಲ್ದಾಣಗಳಲ್ಲಿ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತರನ್ನು ಬರಮಾಡಿಕೊಳ್ಳುತ್ತಿದ್ದರು. ದಿಕ್ಕಿಲ್ಲದ ಹುಡುಗಿಯರನ್ನು ಪುಸಲಾಯಿಸಿ ಕರೆದೊಯ್ಯುವ ದಲ್ಲಾಳಿಗಳನ್ನು ಕಣ್ಣಾರೆ ಕಂಡಿದ್ದರು. ಇಬ್ಬರೂ ಕೈಜೋಡಿಸಿದರು. ಇಬ್ಬರ ಉದ್ದೇಶವೂ ಹೆಂಗಸರ ರಕ್ಷಣೆ.

ಗ್ರಾಂಥಮ್ ಎಂಬ ಸಣ್ಣ ಊರಿನ ಪಕ್ಕ, ಬೆಲ್ಟನ್ ಪಾರ್ಕ್‌ನಲ್ಲಿ ಸಾವಿರಾರು ಸೈನಿಕರ ಶಿಬಿರ ಬಂತು. ಸೈನಿಕರು ಊರೊಳಗೆ ಬಂದು ಕುಡಿದರು. ಊರಿನ ಹುಡುಗಿಯರು ಸೈನಿಕರ ಜೊತೆ ಓಡಾಡಿದರು. ಸೇನೆಯ ಅಧಿಕಾರಿಗೆ ಸೈನಿಕರಿಗೆ ರೋಗ ಹತ್ತುತ್ತದೆ ಎಂಬ ಚಿಂತೆ. ಆತ ಮಾಡಿದ್ದೇನು? ಹೆಂಗಸರ ಮೇಲೆ ಕರ್ಫ್ಯೂ ಹಾಕಿದ. ನಡತೆ ಸರಿಯಿಲ್ಲ ಎಂದು ಕಂಡ ಹೆಂಗಸರು ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಸೈನಿಕರಿಗೆ ಇಂಥ ಕಟ್ಟಲೆ ಇಲ್ಲ. ಈ ಆಜ್ಞೆ ಪಾಲನೆ ಆಗುತ್ತಿದೆಯಾ ಎಂದು ನೋಡಲು ಹೊಸ ಮಹಿಳಾ ಪೊಲೀಸರನ್ನು ಕಳಿಸಿದರು. ಅವರು ಮನೆಗಳೊಳಗೆ ಹೋಗಿ, ಹೆಂಗಸರು ಒಳಗಿದ್ದಾರಾ ಎಂದು ಪರೀಕ್ಷೆ ಮಾಡಿದರು.

ಆ ರಾತ್ರಿಗಳನ್ನು ಒಮ್ಮೆ ಯೋಚಿಸಿ. ಬಾಗಿಲು ತಟ್ಟಿದವಳೂ ಹೆಣ್ಣು, ತೆರೆದವಳೂ ಹೆಣ್ಣು. ತಟ್ಟಿದವಳ ಮೈಮೇಲೆ ಕಪ್ಪು ಕೋಟು, ಗಟ್ಟಿ ಟೊಪ್ಪಿ. ಆಕೆ ಕೆಲವೇ ವರ್ಷಗಳ ಹಿಂದೆ ಹೆಂಗಸರ ಹಕ್ಕಿಗಾಗಿ ಜೈಲಿಗೆ ಹೋಗಿ ಬಂದವಳೂ ಆಗಿರಬಹುದು. ಇದು ನಾನು ಸುಮ್ನೆ ಕಟ್ಟಿದ ಮಾತಲ್ಲ. ಗ್ರಾಂಥಮ್‌ಗೆ ಹೋದವರಲ್ಲಿ ಒಬ್ಬರಾದ ಮೇರಿ ಆಲನ್ ಮತದಾನದ ಹೋರಾಟದಲ್ಲಿ ಜೈಲು ಕಂಡವರು, ಉಪವಾಸ ಕೂತವರು, ಜೈಲಿನಲ್ಲಿ ಬಲವಂತವಾಗಿ ಆಹಾರ ತುರುಕಿಸಿಕೊಂಡವರು. ಅದೇ ಮೇರಿ ಆಲನ್ ಮುಂದೆ ಹಿಟ್ಲರ್‌ನನ್ನು ಭೇಟಿಯಾಗಿ ಮೆಚ್ಚಿ ಬಂದರು, ಬ್ರಿಟನ್ನಿನ ಫ್ಯಾಸಿಸ್ಟ್ ಪಕ್ಷ ಸೇರಿದರು. ಇಂಥ ಬದುಕನ್ನು ಯಾವ ಕಾದಂಬರಿಕಾರರೂ ಕಲ್ಪಿಸಿ ಬರೆಯಲು ಧೈರ್ಯ ಮಾಡುತ್ತಿರಲಿಲ್ಲ. ಬರೆದರೂ ಓದುಗರು ನಂಬುತ್ತಿರಲಿಲ್ಲ.

ನೀನಾ ಬಾಯ್ಲ್‌ಗೆ ಕರ್ಫ್ಯೂ ವಿಷಯ ಸಹಿಸಲಾಗಲಿಲ್ಲ. ಹೆಂಗಸರನ್ನು ಕಾಯಲು ಕಟ್ಟಿದ ಪಡೆಯನ್ನು ಹೆಂಗಸರನ್ನು ಕೂಡಿಹಾಕಲು ಬಳಸುವುದೇ ಎಂದು ಡಾಸನ್ ಅವರ ರಾಜೀನಾಮೆ ಕೇಳಿದರು. ಡಾಸನ್ ಅವರ ವಾದವೂ ಇತ್ತು: ಈಗ ಸಿಕ್ಕಿದ ಕೆಲಸ ಮಾಡಿ ತೋರಿಸಿದರೆ ತಾನೇ ಮುಂದೆ ಅಧಿಕಾರ ಸಿಗುವುದು? 1915ರ ಆರಂಭದಲ್ಲಿ ಪಡೆ ಒಡೆಯಿತು. ಬಹುತೇಕ ಎಲ್ಲರೂ ಡಾಸನ್ ಕಡೆ ನಿಂತರು. ಬಾಯ್ಲ್ ಒಂಟಿಯಾದರು.

ಅಧಿಕಾರವೂ ನಿಜಕ್ಕೂ ಬಂತು. 1915ರ ಆಗಸ್ಟ್‌ನಲ್ಲಿ ಇದೇ ಗ್ರಾಂಥಮ್‌ನಲ್ಲಿ ಇಡಿತ್ ಸ್ಮಿತ್ ಎಂಬ ನರ್ಸ್ ಪ್ರಮಾಣ ವಚನ ತೆಗೆದುಕೊಂಡರು. ಬ್ರಿಟನ್ನಿನಲ್ಲಿ ಬಂಧಿಸುವ ಪೂರ್ತಿ ಅಧಿಕಾರ ಪಡೆದ ಮೊದಲ ಮಹಿಳಾ ಪೊಲೀಸ್ ಈಕೆ. ಕಾನೂನಿನ ಪ್ರಕಾರ ಹೆಂಗಸು ಇಂಥ ಪ್ರಮಾಣ ಮಾಡಲು ಅರ್ಹ ವ್ಯಕ್ತಿಯಲ್ಲ ಎಂದು ಸರ್ಕಾರದ ಗೃಹ ಇಲಾಖೆ ತಕರಾರು ಎತ್ತಿತ್ತು. ಊರಿನವರು ಕೇಳಲಿಲ್ಲ. ವಾರದ ಏಳೂ ದಿನ ಇಡಿತ್ ದುಡಿದರು. ಕೆಲಸ ಮಾತ್ರ ಅದೇ: ಹುಡುಗಿಯರಿಗೆ ಎಚ್ಚರಿಕೆ ಹೇಳುವುದು, ಅವರ ತಾಯಂದಿರನ್ನು ಕಂಡು ಮಾತಾಡುವುದು, ಯಾರನ್ನು ಸಿನಿಮಾ ಮಂದಿರಕ್ಕೆ ಬಿಡಬಾರದು ಎಂದು ಪಟ್ಟಿ ಇಡುವುದು. ಎರಡು ವರ್ಷ ದಾಟುವಷ್ಟರಲ್ಲಿ ದೇಹ ಮನಸ್ಸು ಎರಡೂ ಸೋತವು. ಕೆಲಸ ಬಿಟ್ಟು ಮತ್ತೆ ನರ್ಸ್ ಆದರು. 1923ರಲ್ಲಿ ತಾವೇ ಪ್ರಾಣ ಕಳೆದುಕೊಂಡರು.

ಎಲ್ಲ ದೇಶಗಳಲ್ಲೂ ಮೊದಲ ಬ್ಯಾಡ್ಜ್ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ ಷರತ್ತಿನ ಮೇಲೆ. ಕಳ್ಳರನ್ನು ಹಿಡಿ ಎಂದು ಯಾರೂ ಹೆಂಗಸರನ್ನು ಕರೆಯಲಿಲ್ಲ, ಬೇರೆ ಹೆಂಗಸರನ್ನು ಕಾಯಿ ಎಂದು ಕರೆದರು. ಕಾಯುವುದು, ಕಾಪಾಡುವುದು, ಕಣ್ಣಿಡುವುದು ಮೂರೂ ಒಂದೇ ಕೈಯಲ್ಲಿ ಕೂಡಿಕೊಂಡಿದ್ದವು. ಮನೆ ಬಿಟ್ಟು ಓಡಿಬಂದ ಹದಿನೇಳರ ಹುಡುಗಿಯನ್ನು ಬಲೆ ಹಾಕಿದವನಿಂದ ಬಿಡಿಸಿದ್ದೂ ಮಹಿಳಾ ಪೊಲೀಸೇ. ತಾನೇ ದುಡಿದು ಬದುಕುತ್ತೇನೆ ಎಂದು ಬಂದ ಹುಡುಗಿಯನ್ನು ಹಿಡಿದು ಅಪ್ಪನ ಮನೆಗೆ ವಾಪಸ್ ಕಳಿಸಿದ್ದೂ ಅವರೇ.

ಹೊರಗೆ ಹೋಗಿ ಎಂದ ಕ್ಷಣ

ಲಂಡನ್ ಮಹಾನಗರ ಪೊಲೀಸ್ ಪಡೆ 1919ರಲ್ಲಿ ಹೆಂಗಸರನ್ನು ಗಸ್ತಿಗೆ ಹಾಕಿಕೊಂಡಿತು. ಬಂಧಿಸುವ ಅಧಿಕಾರ ಬಂದದ್ದು 1923ರಲ್ಲಿ. ನಡುವಿನ ನಾಲ್ಕು ವರ್ಷ, ಕಣ್ಣೆದುರು ತಪ್ಪು ನಡೆದರೂ ಹತ್ತಿರದ ಗಂಡು ಪೇದೆಯನ್ನು ಕೂಗಿ ಕರೆಯಬೇಕಿತ್ತು.

ಆ ಮೊದಲ ತಂಡದವರಲ್ಲಿ ಲಿಲಿಯನ್ ವೈಲ್ಸ್ ಒಬ್ಬರು. ಮುಂದೆ ಪತ್ತೇದಾರಿ ವಿಭಾಗಕ್ಕೆ ಹೋದರು. ದೌರ್ಜನ್ಯಕ್ಕೆ ಒಳಗಾದ ಹೆಂಗಸರ, ಮಕ್ಕಳ ಹೇಳಿಕೆ ಬರೆದುಕೊಳ್ಳುವುದು ಆಕೆಯ ಮುಖ್ಯ ಕೆಲಸ. 1928ರಲ್ಲಿ ಹೈಡ್ ಪಾರ್ಕಿನಲ್ಲಿ ಒಬ್ಬ ದೊಡ್ಡ ಮನುಷ್ಯನ ಜೊತೆ ಅಸಭ್ಯವಾಗಿ ವರ್ತಿಸಿದಳು ಎಂದು ಐರೀನ್ ಸ್ಯಾವಿಜ್ ಎಂಬ ಯುವತಿಯನ್ನು ಹಿಡಿದರು. ಕೋರ್ಟು ಇಬ್ಬರನ್ನೂ ಬಿಟ್ಟಿತು. ಆಮೇಲೆ ಪೊಲೀಸರು ಸುಳ್ಳು ಸಾಕ್ಷಿ ಹೇಳಿದರೇ ಎಂಬ ವಿಚಾರಣೆ ಶುರುವಾಯಿತು. ಐರೀನ್‌ರನ್ನು ಕೆಲಸದ ಜಾಗದಿಂದ ಲಂಡನ್ ಪೊಲೀಸರ ಪ್ರಧಾನ ಕಚೇರಿಯಾದ ಸ್ಕಾಟ್‌ಲೆಂಡ್ ಯಾರ್ಡ್‌ಗೆ ಕರೆತರುವಾಗ ಲಿಲಿಯನ್ ಜೊತೆಗಿದ್ದರು. ಪ್ರಶ್ನೆ ಕೇಳುವ ಹೊತ್ತಿಗೆ ಅಧಿಕಾರಿ ಲಿಲಿಯನ್‌ಗೆ ನೀವು ಹೋಗಬಹುದು ಎಂದ. ಲಿಲಿಯನ್ ಹೋದರು. ಐರೀನ್ ಒಬ್ಬರೇ ಗಂಡಸರ ನಡುವೆ ಗಂಟೆಗಟ್ಟಲೆ ಕೂತರು. ತೊಟ್ಟ ಬಟ್ಟೆ, ಅದರ ಉದ್ದ, ಎಲ್ಲಿ ಮುಟ್ಟಿದ ಎಂಬ ಪ್ರಶ್ನೆಗಳು. ವಿಷಯ ಸಂಸತ್ತಿಗೆ ಹೋಗಿ ದೊಡ್ಡ ರಾದ್ಧಾಂತವಾಯಿತು. ಹೆಣ್ಣನ್ನು ವಿಚಾರಿಸುವಾಗ ಇನ್ನೊಬ್ಬ ಹೆಣ್ಣು ಏಕಿರಬೇಕು ಎಂದು ದೇಶಕ್ಕೆಲ್ಲ ಅರ್ಥವಾಯಿತು.

ಈ ಪ್ರಸಂಗದಲ್ಲಿ ಗುಂಡಿನ ಸದ್ದಿಲ್ಲ, ಓಟವಿಲ್ಲ. ಕಾದಂಬರಿಯಲ್ಲಿ ಎರಡು ಪುಟ ಸಾಕು. ಲಿಲಿಯನ್ ಎದ್ದು ಬಾಗಿಲ ಕಡೆ ನಡೆಯುವಾಗ ಏನು ಯೋಚಿಸಿದರು? ತಿರುಗಿ ನೋಡಿದರಾ? ಕೆಲಸ ಉಳಿಸಿಕೊಳ್ಳುವ ಭಯವೋ, ಹಿರಿಯರ ಮಾತು ಮೀರಬಾರದು ಎಂಬ ಶಿಸ್ತೋ? ಇತಿಹಾಸದ ಪುಸ್ತಕ ಆಕೆ ಹೊರಗೆ ಹೋದರು ಎಂಬಲ್ಲಿಗೆ ನಿಲ್ಲುತ್ತದೆ. ಕಾದಂಬರಿ ಅಲ್ಲಿಂದ ಶುರುವಾಗಬೇಕು.

ಕಲ್ಪನೆಗೆ ಎಷ್ಟು ಜಾಗ?

ವಿಚಿತ್ರ ಏನೆಂದರೆ ಕಥೆಗಾರರು ಪೊಲೀಸ್ ಇಲಾಖೆಗಿಂತ ಐವತ್ತು ವರ್ಷ ಮುಂದಿದ್ದರು. ಲಂಡನ್ನಿನಲ್ಲಿ ಒಬ್ಬಳೂ ಮಹಿಳಾ ಪೊಲೀಸ್ ಇಲ್ಲದ 1864ರಲ್ಲೇ, ಮಹಿಳಾ ಪತ್ತೇದಾರರನ್ನು ನಾಯಕಿ ಮಾಡಿದ ಎರಡು ಕಥಾ ಪುಸ್ತಕಗಳು ಅಲ್ಲಿ ಬಂದವು. ಅದರಲ್ಲೊಂದರ ನಾಯಕಿ ಮಿಸೆಸ್ ಪ್ಯಾಶಲ್. ಒಂದು ಕಥೆಯಲ್ಲಿ ಆಕೆ ಅಪರಾಧಿಯ ಬೆನ್ನು ಹತ್ತಿ ಇಕ್ಕಟ್ಟಾದ ಕಿಂಡಿಯಲ್ಲಿ ಇಳಿಯಬೇಕು. ಆಗಿನ ಹೆಂಗಸರು ಉಡುತ್ತಿದ್ದ, ಉಕ್ಕಿನ ಬಳೆಗಳಿದ್ದ ಬುಟ್ಟಿಯಂಥ ಲಂಗ ಅಡ್ಡ ಬರುತ್ತದೆ. ಆಕೆ ಅದನ್ನು ಕಳಚಿ ಅಲ್ಲೇ ಬಿಸಾಕಿ ಇಳಿಯುತ್ತಾಳೆ. 160 ವರ್ಷ ಹಿಂದಿನ ಆ ಒಂದು ಸಾಲಿನ ಕ್ರಿಯೆ ಇಂದಿನ ಎಷ್ಟೋ ಪುಟಗಳ ಭಾಷಣಕ್ಕಿಂತ ಜಾಸ್ತಿ ಹೇಳುತ್ತದೆ.

ಇಂದಿನ ಕಾದಂಬರಿಗಳಲ್ಲಿ ನನಗೆ ಸೇರದಿರುವುದು ಅದೇ ಭಾಷಣ. 1910ರ ಹೆಂಗಸಿನ ಬಾಯಲ್ಲಿ ಇಂದಿನ ಮಾತು ಆಡಿಸುತ್ತಾರೆ. ಆಕೆಗೆ ಮೊದಲಿನಿಂದಲೂ ಎಲ್ಲವೂ ಗೊತ್ತು, ಎಲ್ಲ ಗಂಡಸರೂ ಮೂರ್ಖರು, ಎಲ್ಲ ಹೆಂಗಸರೂ ಆಕೆಯ ಕಡೆ. ನಿಜವಾದ ಆ ಹೆಂಗಸರು ಹಾಗಿರಲಿಲ್ಲ. ಬಹಳ ಜನ ಚರ್ಚಿನ ಸೇವೆಯಿಂದ, ಮದ್ಯಪಾನ ವಿರೋಧಿ ಚಳವಳಿಯಿಂದ, ಸಮಾಜ ಸೇವೆಯಿಂದ ಬಂದವರು. ಡ್ಯಾನ್ಸ್ ಹಾಲು ಎಂದರೆ ಹುಡುಗಿಯರು ಹಾಳಾಗುವ ಜಾಗ ಎಂದು ಮನಸಾರೆ ನಂಬಿದ್ದರು. ಆ ನಂಬಿಕೆಯನ್ನು ಕಿತ್ತುಹಾಕಿದರೆ ಅವರು ಈ ಕೆಲಸಕ್ಕೆ ಬಂದ ಕಾರಣವೇ ಕಥೆಯಿಂದ ಹೋಗಿಬಿಡುತ್ತದೆ.

ಏಮಿ ಸ್ಟೂವರ್ಟ್ ಈ ವಿಷಯದಲ್ಲಿ ಎಚ್ಚರದಿಂದ ಬರೆದಿದ್ದಾರೆ. ಪ್ರತಿ ಕಾದಂಬರಿಯ ಕೊನೆಗೆ ಯಾವುದು ದಾಖಲೆಯಲ್ಲಿದ್ದದ್ದು, ಯಾವುದು ತಾನು ಕಟ್ಟಿದ್ದು ಎಂದು ಬಿಡಿಸಿ ಹೇಳುತ್ತಾರೆ. ಎರಡನೇ ಕಾದಂಬರಿಯಲ್ಲಿ ಕಾನ್‌ಸ್ಟೆನ್ಸ್‌ಳ ಬ್ಯಾಡ್ಜ್ ಇನ್ನೂ ತೂಗುಯ್ಯಾಲೆಯಲ್ಲಿದೆ. ಹೆಂಗಸರನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಳ್ಳಲು ಬಿಡುವ ಕಾನೂನು, ಶೆರಿಫ್‌ನ ಸಹಾಯಕರಿಗೂ ಅನ್ವಯಿಸುತ್ತದೆಯೇ ಎಂದು ಶೆರಿಫ್‌ಗೇ ಅನುಮಾನ. ಅಷ್ಟರಲ್ಲಿ ಆಕೆಯ ಕಾವಲಿನಲ್ಲಿದ್ದ ಕೈದಿಯೊಬ್ಬ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳುತ್ತಾನೆ. ಆಕೆಯನ್ನು ಜೈಲಿನ ಮೇಟ್ರನ್ ಕೆಲಸಕ್ಕೆ ಹಾಕುತ್ತಾರೆ. ಬೀದಿಯಿಂದ ಮತ್ತೆ ಬೀಗದ ಕೈಗೆ ಬಿದ್ದಳು ಎಂಬುದು ಮೇಲಿನ ಇತಿಹಾಸ ಗೊತ್ತಿದ್ದವರಿಗೆ ತಟ್ಟನೆ ನಾಟುತ್ತದೆ, ಗೊತ್ತಿಲ್ಲದವರಿಗೆ ಸಾಮಾನ್ಯ ವರ್ಗಾವಣೆ ಅನಿಸುತ್ತದೆ. ಮೂರನೇ ಕಾದಂಬರಿಯಲ್ಲಿ ಹೇಳದೆ ಮನೆ ಬಿಟ್ಟ ತಪ್ಪಿಗೆ ಜೈಲು ಸೇರಿದ ಹುಡುಗಿಯರು ಬರುತ್ತಾರೆ. ಅವರನ್ನು ಒಳಗೆ ಹಾಕುವ ಕಾನೂನೇ ಕಾನ್‌ಸ್ಟೆನ್ಸ್‌ಳಿಗೆ ಸಂಬಳ ಕೊಡುತ್ತಿದೆ. ಆಕೆ ಅದೇ ಕಾನೂನಿನ ಒಳಗೆ ಸಂದಿಗೊಂದಿ ಹುಡುಕಿ ಅವರನ್ನು ಬಿಡಿಸಲು ನೋಡುತ್ತಾಳೆ. ಸರಣಿಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು.

ನನ್ನ ಮಟ್ಟಿಗೆ ಕಲ್ಪನೆಗೆ ಒಂದೇ ಗೆರೆ. ಆಕೆ ಏನು ಯೋಚಿಸಿದಳು, ಅಡುಗೆಮನೆಯಲ್ಲಿ ತಂಗಿಯ ಜೊತೆ ಏನು ಜಗಳ ಆಡಿದಳು ಎಂದು ಎಷ್ಟು ಬೇಕಾದರೂ ಕಟ್ಟಲಿ. ಆದರೆ ಆ ವರ್ಷ, ಆ ಊರಿನಲ್ಲಿ ಆಕೆಗೆ ಇಲ್ಲದ ಅಧಿಕಾರವನ್ನು ಕೊಡಬಾರದು. 1920ರ ಲಂಡನ್ ಮಹಿಳಾ ಪೊಲೀಸ್ ಕಳ್ಳನ ಕೈಗೆ ಕೋಳ ಹಾಕಿದರೆ ಇಡೀ ಕಥೆಯ ನೋವು ಸುಳ್ಳಾಗುತ್ತದೆ.

ನಮ್ಮ ಕಡೆ

ನಮ್ಮ ಐತಿಹಾಸಿಕ ಕಾದಂಬರಿ ಅಂದರೆ ರಾಜ, ಕೋಟೆ, ಯುದ್ಧ ಎಂಬ ಅಭ್ಯಾಸ ಆಗಿಬಿಟ್ಟಿದೆ. ಮೊದಲ ಮಹಿಳಾ ಪೊಲೀಸರ ಕಥೆ ಇಲ್ಲಿಯೂ ಇದೆ, ಬರೆಯುವವರಿಗಾಗಿ ಕಾದಿದೆ. 1898ರ ಬ್ರಿಟಿಷ್ ಭಾರತದ ಕ್ರಿಮಿನಲ್ ಪ್ರಕ್ರಿಯೆ ಸಂಹಿತೆಯ 52ನೇ ಸೆಕ್ಷನ್ ಪ್ರಕಾರ ಹೆಂಗಸಿನ ಮೈ ತಪಾಸಣೆಯನ್ನು ಇನ್ನೊಬ್ಬ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕಿತ್ತು. ಪೊಲೀಸ್ ಇಲಾಖೆಯಲ್ಲೇ ಹೆಂಗಸರಿಲ್ಲ. ಹಾಗಾದರೆ ಆ ಕೆಲಸಕ್ಕೆ ಕರೆತರುತ್ತಿದ್ದದ್ದು ಯಾರನ್ನು? ಆ ಹೆಂಗಸು ಹೇಗೆ ಒಪ್ಪಿದಳು? ಇದೊಂದೇ ಪ್ರಶ್ನೆಯಲ್ಲಿ ಒಂದು ಕಾದಂಬರಿ ಅಡಗಿದೆ.

ತಿರುವಾಂಕೂರು ಸಂಸ್ಥಾನದಲ್ಲಿ 1930ರ ದಶಕದಲ್ಲೇ ಮಹಿಳೆಯರು ಪೊಲೀಸ್ ಕೆಲಸಕ್ಕೆ ಬಂದರು. 1938ರಲ್ಲಿ ಕಾನ್ಪುರದ ಗಿರಣಿ ಮುಷ್ಕರದ ಹೊತ್ತಿನಲ್ಲೂ ಹೆಂಗಸರನ್ನು ತೆಗೆದುಕೊಂಡರು. ಮುಷ್ಕರದಲ್ಲಿದ್ದ ಹೆಂಗಸರನ್ನು ಎದುರಿಸಲು ಹೆಂಗಸರೇ ಬೇಕಾದರು. ಗ್ರಾಂಥಮ್‌ನ ಕಥೆಯೇ ಬೇರೆ ಬಟ್ಟೆ ತೊಟ್ಟು ಬಂದಂತಿದೆ. ಐಪಿಎಸ್‌ಗೆ ಕಿರಣ್ ಬೇಡಿ 1972ರಲ್ಲಿ ಬಂದರು. ಕರ್ನಾಟಕಕ್ಕೆ ಜೀಜಾ ಹರಿಸಿಂಗ್ 1975ರ ಬ್ಯಾಚಿನಲ್ಲಿ ಬಂದರು. ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ 1973ರಲ್ಲಿ ಕೋಯಿಕ್ಕೋಡ್‌ನಲ್ಲಿ ತೆರೆಯಿತು.

ನನ್ನ ಮನಸ್ಸು ಜಾಸ್ತಿ ಹೋಗುವುದು ದೆಹಲಿಯ ಕಡೆಗೆ. ದೆಹಲಿ ಪೊಲೀಸ್ ಇಲಾಖೆ ಮಹಿಳೆಯರನ್ನು ತೆಗೆದುಕೊಂಡದ್ದು 1948ರಲ್ಲಿ, ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ. ಎರಡೂ ಕಡೆ ಸಾವಿರಾರು ಹೆಂಗಸರನ್ನು ಹೊತ್ತೊಯ್ದಿದ್ದರು. ಅವರನ್ನು ಹುಡುಕಿ ತವರಿಗೆ ಮುಟ್ಟಿಸಲು 1949ರಲ್ಲಿ ಸರ್ಕಾರ ಒಂದು ಕಾನೂನು ತಂದಿತು. ಮೃದುಲಾ ಸಾರಾಭಾಯ್, ಕಮಲಾಬೆನ್ ಪಟೇಲ್, ಅನೀಸ್ ಕಿದ್ವಾಯಿ ಅವರಂಥವರು ಈ ಕೆಲಸದಲ್ಲಿ ಹಗಲಿರುಳು ದುಡಿದರು. ಆ ಕಾನೂನಿನಲ್ಲಿ ಒಂದು ಕಠಿಣ ಮಾತಿತ್ತು. ಅಪಹರಣಕ್ಕೆ ಒಳಗಾದವಳು ಎಂದು ತೀರ್ಮಾನಿಸಿದ ಮೇಲೆ ವಾರಂಟ್ ಇಲ್ಲದೆಯೇ ಪೊಲೀಸರು ಆಕೆಯನ್ನು ಕರೆದೊಯ್ಯಬಹುದಿತ್ತು. ಹೋಗಲು ಆಕೆಗೆ ಇಷ್ಟವಿದೆಯೇ ಎಂದು ಕೇಳಬೇಕೆಂದಿರಲಿಲ್ಲ. ಕೆಲವರು ಅಷ್ಟರಲ್ಲಿ ಮಕ್ಕಳ ತಾಯಿ ಆಗಿದ್ದರು. ಕೆಲವರು ಬರುವುದಿಲ್ಲ ಎಂದು ಅತ್ತರು.

ಅಂಥ ಮನೆಯೊಂದರ ಬಾಗಿಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಮಹಿಳಾ ಪೊಲೀಸ್ ಹೋಗುತ್ತಾಳೆ ಎಂದಿಟ್ಟುಕೊಳ್ಳಿ. ಆಕೆಯೂ ಲಾಹೋರಿನಿಂದ ಓಡಿಬಂದವಳೇ ಇರಬಹುದು. ಕೈಯಲ್ಲಿ ಹೆಸರಿನ ಪಟ್ಟಿ ಇದೆ, ಹಿಂದೆ ಜೀಪು ನಿಂತಿದೆ, ಕಾನೂನು ಆಕೆಯ ಕಡೆಗಿದೆ. ಒಳಗಿನವಳು ಮಗುವನ್ನು ಎದೆಗೆ ಅವಚಿಕೊಂಡು ನಾನು ಬರಲ್ಲ ಅನ್ನುತ್ತಾಳೆ. ಈ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆದರೆ, ಬಂದ ದಿನವೇ ಕೊಂಡು ಓದುತ್ತೇನೆ.